ಒಂದು ಓಟ, ನಾಲ್ಕು ತೀರ್ಪು

ದೂರದ ಓಟದಲ್ಲಿ ಗೆದ್ದವನಾರೆಂದು ಹೇಳುವುದು ಬಹು ಸುಲಭ. ಗುರಿಯ ಗೆರೆಯನ್ನು ಮೊದಲು ಮುಟ್ಟಿದ ಎದೆ ಯಾರದೋ ಅವನೇ ಗೆದ್ದವನು. ಅದನ್ನು ಸಾರಲು ಗೆರೆಯ ಬಳಿ ತೀರ್ಪುಗಾರರಿದ್ದಾರೆ, ಗಡಿಯಾರವಿದೆ, ಕೂದಲೆಳೆಯ ಅಂತರವನ್ನೂ ಹಿಡಿದುಕೊಡುವ ಛಾಯಾಚಿತ್ರವಿದೆ. ಆದರೆ ಚೆನ್ನಾಗಿ ಓಡಿದವನಾರು ಎಂಬ ಪ್ರಶ್ನೆಗೆ ಉತ್ತರ ಅಷ್ಟು ಸುಲಭವಾಗಿ ದೊರೆಯದು. ಆ ತೀರ್ಪನ್ನು ಕೊಡುವವರು ಬೇರೆ. ಮರುದಿನದ ಪತ್ರಿಕೆ, ಓಟಗಾರನ ನಾಡು, ಅವನೊಡನೆ ಓಡಿದವರು, ಕೊನೆಗೆ ಅವನದೇ ಮನಸ್ಸು - ಹೀಗೆ ಒಂದೊಂದು ನ್ಯಾಯಪೀಠವೂ ತನ್ನ ತಕ್ಕಡಿಯನ್ನು ಹಿಡಿದು ಕುಳಿತಿರುತ್ತದೆ. ಈ ತೀರ್ಪುಗಳು ಕೆಲವರನ್ನು ಮೇಲಕ್ಕೆತ್ತಿವೆ. ಕೆಲವರ ಬಾಳಿಗೆ ತಾಳಲಾರದ ಭಾರವೂ ಆಗಿವೆ.

ಇದಕ್ಕೆ ಒಂದೇ ಓಟದಲ್ಲಿ ನಾಲ್ಕು ನಿದರ್ಶನಗಳು ಸಿಗುತ್ತವೆ. ಅದು 1964ರ ಅಕ್ಟೋಬರ್ 14ರಂದು ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಡೆದ 10,000 ಮೀಟರ್ ಓಟ.

ಟೋಕಿಯೋದ ಆ ಮಧ್ಯಾಹ್ನ

ಹತ್ತು ಸಾವಿರ ಮೀಟರ್ ಎಂದರೆ 400 ಮೀಟರಿನ ಕಣದಲ್ಲಿ 25 ಸುತ್ತು. ಆಗಿನ ಕಣಗಳು ಇಂದಿನ ರಬ್ಬರಿನ ಹಾಸಿನಂತಹವಲ್ಲ. ಮಣ್ಣು ಮತ್ತು ಕಿಟ್ಟದ ಪುಡಿಯಿಂದ ಮಾಡಿದವು. ನೂರಾರು ಪಾದಗಳು ತುಳಿದಂತೆ ಒಳಬದಿಯ ದಾರಿ ಹದಗೆಡುತ್ತಿತ್ತು. ಆ ದಿನ ಓಟಗಾರರ ಗುಂಪು ದೊಡ್ಡದು. ಮುಂದಿನವರು ವೇಗ ಹಿಡಿದಂತೆಲ್ಲ ಹಿಂದಿನವರು ಒಂದು ಸುತ್ತು, ಎರಡು ಸುತ್ತು ಹಿಂದೆ ಬಿದ್ದರು. ಕಣದ ತುಂಬ ಓಟಗಾರರೇ ಆದರು. ಇಂತಹ ಓಟದಲ್ಲಿ ಸುತ್ತುಗಳನ್ನು ಎಣಿಸುವ ಅಧಿಕಾರಿಗಳ ಕೆಲಸ ಸಾಮಾನ್ಯವಲ್ಲ. ಒಬ್ಬೊಬ್ಬ ಎಣಿಕೆಗಾರನಿಗೂ ಕೆಲವು ಓಟಗಾರರನ್ನು ಗೊತ್ತುಮಾಡಿರುತ್ತಾರೆ. ಅವರು ಗೆರೆ ದಾಟಿದಾಗಲೆಲ್ಲ ಆತ ಹಾಳೆಯ ಮೇಲೆ ಗುರುತು ಹಾಕಬೇಕು. ಒಂದು ಗುರುತು ತಪ್ಪಿದರೆ ಒಬ್ಬನ ಶ್ರಮವೆಲ್ಲ ನೀರುಪಾಲು.

ಕಡೆಯ ಸುತ್ತಿನ ಗಂಟೆ ಬಾರಿಸಿದಾಗ ಮುಂದಿದ್ದವರು ಮೂವರೇ. ಮೊದಲನೆಯವನು ಆಸ್ಟ್ರೇಲಿಯದ ರಾನ್ ಕ್ಲಾರ್ಕ್. 28 ನಿಮಿಷ 15.6 ಸೆಕೆಂಡಿನ ವಿಶ್ವದಾಖಲೆ ಅವನ ಹೆಸರಿನಲ್ಲಿತ್ತು. ಎರಡನೆಯವನು ಅಮೆರಿಕದ ಬಿಲ್ಲಿ ಮಿಲ್ಸ್. ದಕ್ಷಿಣ ಡಕೋಟದ ಪೈನ್ ರಿಜ್ ಪ್ರದೇಶದ ಲಕೋಟ ಜನಾಂಗದವನು, ಚಿಕ್ಕಂದಿನಲ್ಲೇ ತಾಯಿತಂದೆಗಳನ್ನು ಕಳೆದುಕೊಂಡವನು, ಸೇನೆಯ ನೌಕರ. ಅವನು ಗೆಲ್ಲುವನೆಂದು ಎಣಿಸಿದವರು ಬಹುಮಟ್ಟಿಗೆ ಯಾರೂ ಇರಲಿಲ್ಲ. ಮೂರನೆಯವನು ಟ್ಯುನೀಸಿಯದ ಮೊಹಮದ್ ಗಮ್ಮೂದಿ.

ತಿರುವು ಕಳೆದ ಮೇಲೆ ಹಿಂದುಳಿದ ಓಟಗಾರನೊಬ್ಬ ಕ್ಲಾರ್ಕನ ದಾರಿಗೆ ಅಡ್ಡವಾದನು. ಪಕ್ಕದಲ್ಲಿ ಮಿಲ್ಸ್ ಇದ್ದುದರಿಂದ ಕ್ಲಾರ್ಕನಿಗೆ ಹೊರಬರಲು ಎಡೆಯಿಲ್ಲ. ಅವನು ಮಿಲ್ಸನನ್ನು ತೋಳಿನಿಂದ ತಳ್ಳಿ ಜಾಗ ಮಾಡಿಕೊಂಡನು. ಮಿಲ್ಸ್ ಮುಗ್ಗರಿಸಿ ಹೊರಬದಿಗೆ ಸರಿದನು. ಆ ಸಮಯವನ್ನೇ ಕಾಯುತ್ತಿದ್ದವನಂತೆ ಗಮ್ಮೂದಿ ಇಬ್ಬರ ನಡುವೆ ನುಗ್ಗಿ, ಇಬ್ಬರನ್ನೂ ಬದಿಗೆ ಸರಿಸಿ ಮುನ್ನಡೆದನು. ಕ್ಲಾರ್ಕ್ ಅವನ ಬೆನ್ನು ಹತ್ತಿದನು. ಮಿಲ್ಸನ ಕಥೆ ಮುಗಿಯಿತೆಂದು ಎಲ್ಲರೂ ತಿಳಿದರು. ಆದರೆ ಕೊನೆಯ ನೇರ ದಾರಿಯಲ್ಲಿ ಅವನು ಹೊರಬದಿಯಿಂದ ಬಿರುಗಾಳಿಯಂತೆ ಬಂದು, ಇಬ್ಬರನ್ನೂ ಹಿಂದೆ ಹಾಕಿ ಗೆರೆ ದಾಟಿದನು. ಮಿಲ್ಸ್ 28 ನಿಮಿಷ 24.4 ಸೆಕೆಂಡು, ಗಮ್ಮೂದಿ 28 ನಿಮಿಷ 24.8; ಕ್ಲಾರ್ಕ್ 28 ನಿಮಿಷ 25.8. ಹತ್ತು ಸಾವಿರ ಮೀಟರ್ ಓಡಿದ ಮೂವರ ನಡುವಿನ ಅಂತರ ಒಂದೂವರೆ ಸೆಕೆಂಡೂ ಇಲ್ಲ!

ಓಟ ಮುಗಿದೊಡನೆ ಅಧಿಕಾರಿಯೊಬ್ಬನು ಬಳಿಗೆ ಬಂದು, ನೀನು ಯಾರೆಂದು ಮಿಲ್ಸನನ್ನು ಕೇಳಿದನಂತೆ. ಸುತ್ತುಗಳ ಎಣಿಕೆಯಲ್ಲಿ ತಾನೇ ತಪ್ಪಿದೆನೋ, ಇನ್ನೂ ಒಂದು ಸುತ್ತು ಉಳಿದಿದೆಯೋ ಎಂದು ಅವನಿಗೆ ದಿಗಿಲಾಯಿತಂತೆ. ಅವನ ಹಿಂದಿನ ಅತ್ಯುತ್ತಮ ಓಟಕ್ಕಿಂತ ಇದು ಸುಮಾರು 50 ಸೆಕೆಂಡು ಬೇಗ. ಅವನ ವಿಷಯದಲ್ಲಿ ತೀರ್ಪುಗಳೆಲ್ಲ ಒಂದೇ ಆದವು: ಗಡಿಯಾರ, ಪದಕ, ಜನ, ಮನಸ್ಸು ನಾಲ್ಕೂ ಅವನನ್ನು ಗೆಲ್ಲಿಸಿದವು. ಇಂತಹ ಭಾಗ್ಯ ಅಪರೂಪ. ಉಳಿದವರ ಕಥೆ ಬೇರೆ.

ಕಡೆಯವನಿಗೆ ಬಂದ ಚಪ್ಪಾಳೆ

ಗೆದ್ದವರು ಕೈಕುಲುಕಿ, ಬೆವರೊರೆಸಿ, ಮಾತಿಗೆ ತೊಡಗಿದ್ದರು. ಕಣದಲ್ಲಿ ಒಬ್ಬನು ಮಾತ್ರ ಇನ್ನೂ ಓಡುತ್ತಿದ್ದನು. ಅವನ ಎದೆಯ ಮೇಲಿನ ಸಂಖ್ಯೆ 67. ಹೆಸರು ರಣತುಂಗೆ ಕರುಣಾನಂದ. ನೆರೆಯ ಸಿಂಹಳ ದೇಶದವನು. ಎಲ್ಲರೂ ಮುಗಿಸಿದ ಮೇಲೆ ಒಂಟಿಯಾಗಿ ಅವನು ಸುತ್ತು ಹಾಕುತ್ತಿರುವುದನ್ನು ಕಂಡು ಪ್ರೇಕ್ಷಕರಲ್ಲಿ ಕೆಲವರು ನಕ್ಕರು. ಮತ್ತೊಂದು ಸುತ್ತು ಬಂದಾಗ ನಗೆ ಅಡಗಿತು. ಕಡೆಯ ಸುತ್ತಿನಲ್ಲಿ ಇಡೀ ಕ್ರೀಡಾಂಗಣವೇ ಎದ್ದು ನಿಂತು, ಗೆದ್ದವನಿಗೆ ತಟ್ಟಿದಂತೆ ಚಪ್ಪಾಳೆ ತಟ್ಟಿತು. ಮಿಲ್ಸ್ ಮುಗಿಸಿ ಸುಮಾರು ಆರು ನಿಮಿಷ ಕಳೆದ ಮೇಲೆ ಕರುಣಾನಂದನು ಗೆರೆ ದಾಟಿದನು.

ಫಲಿತಾಂಶದ ಪಟ್ಟಿಯಲ್ಲಿ ಅವನದು ಕಟ್ಟಕಡೆಯ ಹೆಸರು. ಆದರೆ ಜಪಾನಿನ ಶಾಲೆಯ ಪಠ್ಯಪುಸ್ತಕದಲ್ಲಿ ಅವನ ಕಥೆ ಪಾಠವಾಯಿತು. ಅದೇ ಓಟದಲ್ಲಿ ಅವನಿಗಿಂತ ಎಷ್ಟೋ ಮುಂದೆ ಬಂದವರ ಹೆಸರು ಇಂದು ಯಾರ ನೆನಪಿನಲ್ಲೂ ಇಲ್ಲ. ಓಟವನ್ನು ನಡುವೆಯೇ ಬಿಟ್ಟವರೂ ಆ ದಿನ ಇದ್ದರು; ಅವರನ್ನು ಯಾರೂ ಆಡಿಕೊಳ್ಳಲಿಲ್ಲ. ಬಿಡದೆ ಓಡಿದವನು ನಗೆಗೆ ಎದೆಗೊಟ್ಟನು. ಹಾಗೆಂದು ಅವನ ಓಟವನ್ನು ಮಹಾ ಓಟವೆನ್ನಲಾಗದು. ಅವನ ನಿಷ್ಠೆ ಮಹತ್ತಾದುದು. ಈ ಎರಡನ್ನೂ ಬೇರೆ ಬೇರೆಯಾಗಿಯೇ ಬೆಲೆ ಕಟ್ಟಬೇಕು. ಜಪಾನಿನ ಪ್ರೇಕ್ಷಕರು ಮೂರು ಸುತ್ತುಗಳ ಅವಧಿಯಲ್ಲಿ ಅದನ್ನು ಕಲಿತುಕೊಂಡರು.

ಅದೇ ಜನ, ತಮ್ಮವನೇ ಆದ ಓಟಗಾರನಿಗೆ ಮಾತ್ರ ಬೇರೆಯ ಭಾರವನ್ನು ಹೊರಿಸಿದರು.

ಮೂರನೆಯ ಸ್ಥಾನದ ಭಾರ

ಆ ದಿನ ಆರನೆಯವನಾಗಿ ಬಂದವನು ಜಪಾನಿನ ಕೊಕಿಚಿ ತ್ಸುಬುರಾಯ. ವಿಶ್ವದ ಅತ್ಯುತ್ತಮರ ನಡುವೆ ಆರನೆಯ ಸ್ಥಾನ ಹೆಮ್ಮೆಪಡುವಂತಹುದೇ. ಒಂದು ವಾರ ಕಳೆದ ಮೇಲೆ, ಅಕ್ಟೋಬರ್ 21ರಂದು, ಅವನು ಮ್ಯಾರಥಾನಿನಲ್ಲಿ ಓಡಿದನು. ಇಥಿಯೋಪಿಯದ ಅಬೆಬೆ ಬಿಕಿಲ 2 ಗಂಟೆ 12 ನಿಮಿಷ 11.2 ಸೆಕೆಂಡಿನಲ್ಲಿ ಎಲ್ಲರಿಗಿಂತ ಬಹಳ ಮುಂದೆ ಬಂದು ಗೆದ್ದನು. ಅವನ ಹಿಂದೆ ಕ್ರೀಡಾಂಗಣದ ಬಾಗಿಲನ್ನು ಹೊಕ್ಕವನು ತ್ಸುಬುರಾಯ. ಹತ್ತಾರು ಸಾವಿರ ಕಂಠಗಳು ಒಮ್ಮೆಲೇ ಮೊಳಗಿದವು. ಆದರೆ ಅವನ ಬೆನ್ನ ಹಿಂದೆಯೇ ಇಂಗ್ಲೆಂಡಿನ ಬೇಸಿಲ್ ಹೀಟ್ಲಿ ಬರುತ್ತಿದ್ದನು. ಕಣದೊಳಗೆ, ಸ್ವಜನರ ಕಣ್ಣೆದುರಿನಲ್ಲೇ, ಹೀಟ್ಲಿ ಅವನನ್ನು ದಾಟಿದನು. 42 ಕಿಲೋಮೀಟರ್ ಓಡಿದ ಇಬ್ಬರ ನಡುವೆ ಉಳಿದ ಅಂತರ ನಾಲ್ಕು ಸೆಕೆಂಡಿಗೂ ಕಡಿಮೆ. ತ್ಸುಬುರಾಯನಿಗೆ ಕಂಚು.

ಆ ಕಂಚಿನ ಬೆಲೆ ಏನು? ಆ ಒಲಿಂಪಿಕ್ಸ್‌ನ ಓಟ, ನೆಗೆತ, ಎಸೆತಗಳಲ್ಲೆಲ್ಲ ಆತಿಥೇಯ ಜಪಾನಿಗೆ ಬಂದ ಪದಕ ಅದೊಂದೇ. ಆದರೂ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವೆಂಬ ಕೊರಗು ಉಳಿಯಿತು. ದೇಶದ ಜನರ ಎದುರಿಗೆ ಕ್ಷಮೆಯಿಲ್ಲದ ತಪ್ಪು ಮಾಡಿದೆನೆಂದೂ ಮೆಕ್ಸಿಕೋದಲ್ಲಿ ಅದಕ್ಕೆ ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕೆಂದೂ ಅವನು ಜೊತೆಯ ಓಟಗಾರನೊಡನೆ ಹೇಳಿಕೊಂಡನೆಂದು ತಿಳಿದುಬಂದಿದೆ. ಮುಂದೆ ಬೆನ್ನುನೋವು ಅವನನ್ನು ಕಾಡಿತು. ದೇಹ ಮೊದಲಿನಂತೆ ಮಾತು ಕೇಳಲಿಲ್ಲ. 1968ರ ಜನವರಿಯಲ್ಲಿ, ಮೆಕ್ಸಿಕೋ ಒಲಿಂಪಿಕ್ಸ್ ಇನ್ನೂ ಒಂಬತ್ತು ತಿಂಗಳಿರುವಾಗ, ಅವನು ತನ್ನ ಜೀವವನ್ನು ತಾನೇ ಕಳೆದುಕೊಂಡನು. ಆಗ ಅವನಿಗೆ 27 ವರ್ಷ. ಮನೆಯವರಿಗೆ ಬರೆದಿಟ್ಟ ಕಾಗದದಲ್ಲಿ ಅವರು ತನಗೆ ಉಣಬಡಿಸಿದ ತಿನಿಸುಗಳನ್ನೆಲ್ಲ ಒಂದೊಂದಾಗಿ ನೆನೆದು, ರುಚಿಯಾಗಿದ್ದವೆಂದು ವಂದಿಸಿದ್ದನು. ದಣಿದುಹೋಗಿರುವೆನು, ಇನ್ನು ಓಡಲಾರೆನೆಂದು ತಿಳಿಸಿದ್ದನು.

ಒಂದು ಸಾವಿಗೆ ಒಂದೇ ಕಾರಣವನ್ನು ಕಟ್ಟುವುದು ಸರಿಯಲ್ಲ. ಆದರೂ ಈ ಮಾತನ್ನು ಹೇಳಲೇಬೇಕು. ಗಡಿಯಾರವು ತ್ಸುಬುರಾಯನನ್ನು ವಿಶ್ವದ ಮೂರನೆಯ ಮ್ಯಾರಥಾನ್ ಓಟಗಾರನೆಂದಿತು. ಅವನನ್ನು ಸೋತವನೆಂದುದು ಗಡಿಯಾರವಲ್ಲ. ದಾಟಿಹೋದ ಆ ಒಂದು ಕ್ಷಣವನ್ನು ಮಾತ್ರ ಕಂಡು, ಅದಕ್ಕೆ ಹಿಂದಿನ ಎರಡು ಗಂಟೆಗಳಿಗೂ ಹೆಚ್ಚಿನ ಓಟವನ್ನು ಮರೆತ ದೃಷ್ಟಿ ಅದು. ಆ ದೃಷ್ಟಿಯನ್ನು ಅವನೂ ತನ್ನದಾಗಿ ಮಾಡಿಕೊಂಡನು.

ದಾಖಲೆಗಳ ಒಡೆಯ

ಈಗ ರಾನ್ ಕ್ಲಾರ್ಕನ ವಿಷಯ. ವಿಶ್ವದಾಖಲೆಯ ಓಟಗಾರನು ಹೆಸರಿಲ್ಲದವನಿಗೆ ಸೋತು ಮೂರನೆಯವನಾದನೆಂದರೆ ಪತ್ರಿಕೆಗಳು ಏನೆನ್ನುತ್ತವೆ ಎಂಬುದನ್ನು ಊಹಿಸಬಹುದು. ಅದೇ ಟೋಕಿಯೋದಲ್ಲಿ 5,000 ಮೀಟರಿನಲ್ಲೂ ಅವನಿಗೆ ಒಂಬತ್ತನೆಯ ಸ್ಥಾನ. ಮ್ಯಾರಥಾನಿನಲ್ಲೂ ಒಂಬತ್ತನೆಯ ಸ್ಥಾನ. ಒಂದೇ ವಾರದೊಳಗೆ ಮೂರು ದೊಡ್ಡ ಓಟಗಳನ್ನು ಓಡಿ ಮೂರರಲ್ಲೂ ಮೊದಲ ಹತ್ತರೊಳಗೆ ಬಂದನೆಂದು ಹೊಗಳಿದವರು ಕಡಿಮೆ. ಗೆದ್ದೆತ್ತಿನ ಬಾಲ ಹಿಡಿಯುವುದು ಲೋಕದ ರೂಢಿ.

ಮರುವರ್ಷ, 1965ರ ಜುಲೈ 14ರಂದು, ಕ್ಲಾರ್ಕ್ ನಾರ್ವೆಯ ಓಸ್ಲೋ ನಗರದ ಬಿಸ್ಲೆಟ್ ಕಣದಲ್ಲಿ 10,000 ಮೀಟರ್ ಓಡಿದನು. ಕಾಲ 27 ನಿಮಿಷ 39.4 ಸೆಕೆಂಡು. 28 ನಿಮಿಷದೊಳಗೆ ಈ ದೂರವನ್ನು ಓಡಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ತನ್ನದೇ ದಾಖಲೆಯನ್ನು ಅವನು 36 ಸೆಕೆಂಡಿಗೂ ಹೆಚ್ಚಾಗಿ ಇಳಿಸಿದ್ದನು. ಅದಕ್ಕೆ ನಾಲ್ಕು ದಿನ ಮೊದಲು ಲಂಡನ್ನಿನಲ್ಲಿ ಮೂರು ಮೈಲಿಯನ್ನು 13 ನಿಮಿಷದೊಳಗೆ ಓಡಿದ ಮೊದಲಿಗನಾಗಿದ್ದನು. ಒಟ್ಟು 17 ವಿಶ್ವದಾಖಲೆಗಳು ಅವನ ಪಾಲಿಗೆ ಬಂದವು. ಆದರೆ ಒಲಿಂಪಿಕ್ಸ್‌ನಲ್ಲಾಗಲಿ ಕಾಮನ್‌ವೆಲ್ತ್ ಕ್ರೀಡೆಗಳಲ್ಲಾಗಲಿ ಒಂದು ಸ್ವರ್ಣವೂ ಅವನಿಗೆ ದಕ್ಕಲಿಲ್ಲ. ಇದು ಹೇಗೆ?

ಇಲ್ಲಿಯೇ ಅಳತೆಗೋಲಿನ ಪ್ರಶ್ನೆ ಬರುತ್ತದೆ. ದಾಖಲೆಯ ಓಟದಲ್ಲಿ ಓಟಗಾರನ ಎದುರಾಳಿ ಗಡಿಯಾರ. ಅದು ಮೋಸ ಮಾಡದು, ತಳ್ಳದು, ಬೆನ್ನ ಹಿಂದೆ ಅಡಗಿ ಹೊಂಚು ಹಾಕದು. ಮಹಾಕೂಟದ ಓಟದಲ್ಲಿ ಎದುರಾಳಿಗಳು ಮನುಷ್ಯರು. ಮುಂದೆ ಓಡುವವನು ಗಾಳಿಯನ್ನು ಸೀಳಿಕೊಂಡು ಹೋಗಬೇಕು. ಅವನ ಬೆನ್ನಿಗೆ ಅಂಟಿಕೊಂಡವನಿಗೆ ಆ ಶ್ರಮ ಉಳಿಯುತ್ತದೆ. ಉಳಿಸಿಕೊಂಡ ಬಲವನ್ನು ಅವನು ಕಡೆಯ ಸುತ್ತಿನಲ್ಲಿ ಖರ್ಚುಮಾಡುತ್ತಾನೆ. ಆದ್ದರಿಂದಲೇ ಇಂತಹ ಓಟಗಳಲ್ಲಿ ಯಾರೂ ಮುಂದೆ ಹೋಗಲು ಒಪ್ಪದೆ, ಮೊದಲ ಸುತ್ತುಗಳು ಮೆರವಣಿಗೆಯಂತೆ ಸಾಗುವುದೂ ಉಂಟು.

ಇದಕ್ಕೆ ನಮ್ಮ ಕಾಲದ ಒಂದು ಉದಾಹರಣೆಯನ್ನು ನೋಡಬಹುದು. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ 1,500 ಮೀಟರಿನ ಸ್ವರ್ಣ ಗೆದ್ದ ಅಮೆರಿಕದ ಮ್ಯಾಥ್ಯೂ ಸೆಂಟ್ರೊವಿಟ್ಸನ ಕಾಲ 3 ನಿಮಿಷ 50 ಸೆಕೆಂಡು. 1932ರಿಂದೀಚೆಗೆ ಅಷ್ಟು ನಿಧಾನವಾದ ಗೆಲುವು ಆ ಓಟದಲ್ಲಿ ಬಂದಿರಲಿಲ್ಲ. ಮೂರು ವಾರ ಕಳೆದು ಅದೇ ನಗರದಲ್ಲಿ ನಡೆದ ಪ್ಯಾರಾಲಿಂಪಿಕ್ಸ್‌ನಲ್ಲಿ, ದೃಷ್ಟಿದೋಷವುಳ್ಳ ಓಟಗಾರರ 1,500 ಮೀಟರ್ ಓಟದ ಮೊದಲ ನಾಲ್ವರೂ ಅದಕ್ಕಿಂತ ಬೇಗ ಓಡಿದರು. ಪದಕ ಸಿಗದ ನಾಲ್ಕನೆಯವನ ಕಾಲವೂ ಸೆಂಟ್ರೊವಿಟ್ಸನ ಕಾಲಕ್ಕಿಂತ ಉತ್ತಮ! ಹಾಗಾದರೆ ಸೆಂಟ್ರೊವಿಟ್ಸನ ಸ್ವರ್ಣ ಕಳಪೆಯೆ? ಅಲ್ಲ. ನಿಧಾನದ ಓಟವನ್ನು ಮುಂದೆ ನಿಂತು ಹತೋಟಿಯಲ್ಲಿಟ್ಟು, ಕೊನೆಯ ಸುತ್ತಿನಲ್ಲಿ ಯಾರಿಗೂ ಎಡೆಗೊಡದೆ ಗೆದ್ದುದು ಅವನ ಜಾಣ್ಮೆ. ಅದನ್ನು ಸೆಕೆಂಡುಗಳಿಂದ ಅಳೆಯುವುದೆಂದರೆ ಸೇರಿನಿಂದ ಅಳೆಯಬೇಕಾದ ಧಾನ್ಯವನ್ನು ಗಜಕಡ್ಡಿಯಿಂದ ಅಳೆದಂತೆ.

ಕ್ಲಾರ್ಕನ ಕೊರತೆ ಇಲ್ಲಿಯೇ ಇತ್ತು. ಮುಂದೆ ನಿಂತು, ವೇಗವನ್ನು ಆಗಾಗ ಏರಿಸಿ, ಹಿಂದಿನವರನ್ನು ದಣಿಸುವುದು ಅವನ ರೀತಿ. ದಣಿಯದೆ ಉಳಿದವನೊಬ್ಬನಿದ್ದರೆ ಕಡೆಯ ಸುತ್ತಿನ ಮಿಂಚಿನ ಓಟಕ್ಕೆ ಅವನಲ್ಲಿ ಉತ್ತರವಿರಲಿಲ್ಲ. 1966ರಲ್ಲಿ ಜಮೈಕದ ಕಿಂಗ್‌ಸ್ಟನ್ನಿನ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ಕೀನ್ಯದ ಕಿಪ್ಚೋಗೆ ಕೈನೋ ಅವನನ್ನು ಮೂರು ಮೈಲಿಯಲ್ಲೂ ನಫ್ತಾಲಿ ತೆಮು ಆರು ಮೈಲಿಯಲ್ಲೂ ಸೋಲಿಸಿದರು. ಗೆಲುವಿನ ಕಲೆಯಲ್ಲಿ ಅವನಿಗಿಂತ ಮೇಲಾದವರಿದ್ದರು. ಓಟದ ಬಲದಲ್ಲಿ ಅವನ ಕಾಲದಲ್ಲಿ ಅವನಿಗೆ ಸಮನಾದವರು ವಿರಳ. ಎರಡೂ ನಿಜ, ಒಂದು ಮತ್ತೊಂದನ್ನು ಅಳಿಸುವುದಿಲ್ಲ.

ಊಟಿಯ ಎತ್ತರದಲ್ಲಿ

1968ರ ಒಲಿಂಪಿಕ್ಸ್ ನಡೆದುದು ಮೆಕ್ಸಿಕೋ ನಗರದಲ್ಲಿ. ಅದು ಸಮುದ್ರಮಟ್ಟದಿಂದ 2,240 ಮೀಟರ್ ಎತ್ತರದಲ್ಲಿದೆ. ನಮ್ಮವರಿಗೆ ಪರಿಚಿತವಾದ ಊಟಿಯ ಎತ್ತರ ಸರಿಸುಮಾರು ಅಷ್ಟೇ. ಕರ್ನಾಟಕದಲ್ಲಿ ಎಲ್ಲಕ್ಕಿಂತ ಎತ್ತರವಾದ ಮುಳ್ಳಯ್ಯನಗಿರಿಯ ನೆತ್ತಿಯೂ ಅದಕ್ಕಿಂತ ತಗ್ಗು. ಊಟಿಯ ಏರುದಾರಿಯಲ್ಲಿ ಬಿರುಸಾಗಿ ನಡೆದು ಏದುಸಿರು ಬಿಟ್ಟವರಿಗೆ ಆ ಗಾಳಿಯ ಗುಣ ಗೊತ್ತು. ಅಲ್ಲಿ ಒಂದೊಂದು ಉಸಿರಿನಲ್ಲೂ ಒಳಸೇರುವ ಆಮ್ಲಜನಕ ಕರಾವಳಿಗಿಂತ ಸುಮಾರು ಕಾಲುಭಾಗ ಕಡಿಮೆ. ಕೆಲವೇ ಸೆಕೆಂಡುಗಳಲ್ಲಿ ಮುಗಿಯುವ ಓಟಕ್ಕೂ ನೆಗೆತಕ್ಕೂ ತೆಳುವಾದ ಗಾಳಿ ಅನುಕೂಲ. ಅಲ್ಲಿ ಬಾಬ್ ಬೀಮನ್ 8.90 ಮೀಟರ್ ಉದ್ದ ನೆಗೆದು ಜಗತ್ತನ್ನು ಬೆರಗುಗೊಳಿಸಿದನು. ಆದರೆ ಅರ್ಧ ಗಂಟೆ ಓಡಬೇಕಾದವನಿಗೆ ಅದು ಕೊರಳು ಹಿಸುಕುವ ಗಾಳಿ.

10,000 ಮೀಟರಿನಲ್ಲಿ ಕ್ಲಾರ್ಕ್ ಕಡೆಯ ಎರಡು ಸುತ್ತುಗಳವರೆಗೆ ಮುಂದಿನವರೊಡನೆ ಇದ್ದನು. ಆಮೇಲೆ ಕಾಲುಗಳು ಸೀಸದಂತೆ ಭಾರವಾದವು. ಆರನೆಯವನಾಗಿ ಗೆರೆ ದಾಟಿ ಅಲ್ಲೇ ಕುಸಿದನು. ಸುಮಾರು ಹತ್ತು ನಿಮಿಷ ಪ್ರಜ್ಞೆ ಇರಲಿಲ್ಲ. ಮುಖಕ್ಕೆ ಆಮ್ಲಜನಕದ ಕೊಳವೆ ಇಟ್ಟು ಉಪಚರಿಸಿದ ಆಸ್ಟ್ರೇಲಿಯದ ವೈದ್ಯರು, ಅವನು ಉಳಿಯುವನೋ ಇಲ್ಲವೋ ಎಂದು ಕಣ್ಣೀರಿಟ್ಟರು. ಕಡೆಯ ಸುತ್ತಿನ ನೆನಪೇ ಅವನಿಗೆ ಇರಲಿಲ್ಲವಂತೆ. ಇಷ್ಟಾದರೂ ಕೆಲವೇ ದಿನಗಳಲ್ಲಿ ಅವನು ಮತ್ತೆ ಕಣಕ್ಕಿಳಿದು 5,000 ಮೀಟರಿನಲ್ಲಿ ಐದನೆಯವನಾಗಿ ಬಂದನು. ಹಲವು ವರ್ಷಗಳು ಕಳೆದ ಮೇಲೆ ಅವನ ಹೃದಯದ ಕವಾಟಕ್ಕೆ ಶಸ್ತ್ರಚಿಕಿತ್ಸೆ ಮಾಡಬೇಕಾಯಿತು. ಅದಕ್ಕೂ ಮೆಕ್ಸಿಕೋದ ಆ ಓಟಕ್ಕೂ ನಂಟು ಹಾಕಿ ಮಾತನಾಡಿದವರು ಹಲವರು.

ಗೆದ್ದವನು ಕೀನ್ಯದ ನಫ್ತಾಲಿ ತೆಮು. ಕಾಲ 29 ನಿಮಿಷ 27.4 ಸೆಕೆಂಡು. ಕ್ಲಾರ್ಕನ ವಿಶ್ವದಾಖಲೆಗಿಂತ ಸರಿಯಾಗಿ 1 ನಿಮಿಷ 48 ಸೆಕೆಂಡು ನಿಧಾನ. ಈ ಅಂಕೆಗಳನ್ನು ಪಕ್ಕಪಕ್ಕದಲ್ಲಿಟ್ಟು, ಎತ್ತರವೇ ಗೆದ್ದಿತು, ತೆಮು ಗೆಲ್ಲಲಿಲ್ಲ ಎಂದವರುಂಟು. ಆ ಮಾತೂ ಅನ್ಯಾಯವೇ. ಎತ್ತರದ ನಾಡಿನಲ್ಲಿ ಬೆಳೆದವರಿಗೆ ಅಲ್ಲಿ ಅನುಕೂಲವಿದ್ದಿತೆಂಬುದು ದಿಟ. ಆದರೆ ಇದೇ ತೆಮು ಎರಡು ವರ್ಷ ಮೊದಲು, ಸಮುದ್ರದ ದಂಡೆಯಲ್ಲೇ ಇರುವ ಕಿಂಗ್‌ಸ್ಟನ್ನಿನಲ್ಲಿ ಕ್ಲಾರ್ಕನನ್ನು ಸೋಲಿಸಿರಲಿಲ್ಲವೆ? ಕೀನ್ಯಕ್ಕೆ ಒಲಿಂಪಿಕ್ಸ್‌ನ ಮೊದಲ ಸ್ವರ್ಣವನ್ನು ತಂದವನು ಅವನು. 5,000 ಮೀಟರಿನಲ್ಲಿ ಕೀನ್ಯದವರನ್ನೂ ಹಿಂದಿಕ್ಕಿ ಗೆದ್ದವನು ಟ್ಯುನೀಸಿಯದ ಗಮ್ಮೂದಿ. ಟೋಕಿಯೋದಲ್ಲಿ 0.4 ಸೆಕೆಂಡಿನಿಂದ ತಪ್ಪಿದ ಸ್ವರ್ಣವನ್ನು ನಾಲ್ಕು ವರ್ಷ ಕಾದು ಅವನು ಪಡೆದನು. ಎತ್ತರವನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿರುವುದು ಎಷ್ಟು ತಪ್ಪೋ, ಎಲ್ಲವನ್ನೂ ಎತ್ತರದ ಲೆಕ್ಕಕ್ಕೇ ಬರೆಯುವುದೂ ಅಷ್ಟೇ ತಪ್ಪು.

ಸ್ಥಾನದ ಸಂಖ್ಯೆ ಹೇಳದ ಮಾತು

ಸ್ಥಾನವನ್ನು ಮಾತ್ರ ನೋಡುವವರು ಮರೆಯುವ ಹೆಸರುಗಳಲ್ಲಿ ನಮ್ಮ ನಾಡಿನದೂ ಒಂದಿದೆ. 1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ನ ಮ್ಯಾರಥಾನಿನಲ್ಲಿ ಓಡಿದ ಭಾರತೀಯರಲ್ಲಿ ಬೆಳಗಾವಿಯ ಪಿ. ಡಿ. ಚೌಗುಲೆಯವರು ಒಬ್ಬರು. 2 ಗಂಟೆ 50 ನಿಮಿಷ 45.4 ಸೆಕೆಂಡಿನಲ್ಲಿ ಮುಗಿಸಿ 19ನೆಯವರಾದರು. ಇಂದಿನ ಕಣ್ಣಿಗೆ ಈ ಕಾಲ ದೊಡ್ಡದಾಗಿ ಕಾಣದು. ಆದರೆ ಅಂದಿನ ದಾರಿಯ ಉದ್ದ 42.75 ಕಿಲೋಮೀಟರ್, ಇಂದಿನ ಮ್ಯಾರಥಾನಿಗಿಂತ ಅರ್ಧ ಕಿಲೋಮೀಟರಿಗೂ ಹೆಚ್ಚು. ಗೆದ್ದ ಫಿನ್‌ಲೆಂಡಿನ ಹಾನೆಸ್ ಕೋಲೆಮೈನನ್‌ಗೇ 2 ಗಂಟೆ 32 ನಿಮಿಷ 35.8 ಸೆಕೆಂಡು ಬೇಕಾಯಿತು. ಸಮುದ್ರಗಳನ್ನು ದಾಟಿ ಹೋಗಿ, ಪರಿಚಯವಿಲ್ಲದ ನೆಲದಲ್ಲಿ, ಗೆದ್ದವನಿಗಿಂತ ಕೇವಲ 18 ನಿಮಿಷ ತಡವಾಗಿ ಬಂದವರ ಓಟವನ್ನು 19 ಎಂಬ ಒಂದು ಅಂಕೆಯಲ್ಲಿ ಮುಗಿಸಿಬಿಡಬಹುದೆ? 1976ರ ಮಾಂಟ್ರಿಯಲ್‌ನಲ್ಲಿ ಶಿವನಾಥ ಸಿಂಗರು ಮ್ಯಾರಥಾನಿನಲ್ಲಿ 11ನೆಯವರಾದರು. ಪದಕದ ಪಟ್ಟಿಯಲ್ಲಿ ಅದಕ್ಕೆ ಜಾಗವಿಲ್ಲ. ಭಾರತದ ದೂರದ ಓಟದ ಚರಿತ್ರೆಯಲ್ಲಿ ಅದು ಮರೆಯಲಾಗದ ಓಟ.

ಹಣ ಬಂದ ಮೇಲೆ

ಕ್ಲಾರ್ಕ್, ಮಿಲ್ಸ್ ಮೊದಲಾದವರು ಹವ್ಯಾಸಿಗಳು. ಕ್ಲಾರ್ಕನ ಹೊಟ್ಟೆಪಾಡು ಲೆಕ್ಕಪತ್ರದ ವೃತ್ತಿ; ಓಟಕ್ಕೆ ಹಣ ಪಡೆಯುವುದು ಆಗ ನಿಯಮಕ್ಕೆ ವಿರುದ್ಧ. ಇಂದು ದೂರದ ಓಟವೇ ಒಂದು ಉದ್ಯೋಗ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಓಟ, ನೆಗೆತ, ಎಸೆತಗಳ ಸ್ವರ್ಣಕ್ಕೆ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ 50,000 ಡಾಲರುಗಳ ಬಹುಮಾನ ಕೊಟ್ಟಿತು. ಅಲ್ಲಿಯ 10,000 ಮೀಟರನ್ನು ಉಗಾಂಡದ ಜೋಶುವ ಚೆಪ್ಟೆಗೈ 26 ನಿಮಿಷ 43.14 ಸೆಕೆಂಡಿನಲ್ಲಿ ಗೆದ್ದನು. ಮೊದಲ ಮೂವರು ಸೆಕೆಂಡಿನ ಮೂರನೆಯ ಒಂದು ಭಾಗದೊಳಗೆ ಬಂದರು. ರಜತಕ್ಕೂ ಕಂಚಿಗೂ ಇದ್ದ ಅಂತರ 0.02 ಸೆಕೆಂಡು. ಕಣ್ಣು ಮಿಟುಕಿಸುವುದಕ್ಕೂ ಸಾಲದಷ್ಟು ಕಾಲ ಒಬ್ಬ ಓಟಗಾರನ ಬೆಲೆಯನ್ನು ಏರಿಸಬಲ್ಲುದು, ಇಳಿಸಬಲ್ಲುದು. ತೀರ್ಪು ಕೊಡುವವರ ಹೊಣೆ ಹಿಂದೆಂದಿಗಿಂತ ಹೆಚ್ಚಿದೆ.

ಗಡಿಯಾರವನ್ನು ನಂಬುವವರಿಗೂ ಹೊಸ ತೊಡಕುಗಳು ಬಂದಿವೆ. ಇದೇ ಚೆಪ್ಟೆಗೈ 2020ರಲ್ಲಿ ಸ್ಪೇನಿನ ವೆಲೆನ್ಸಿಯದಲ್ಲಿ 26 ನಿಮಿಷ 11 ಸೆಕೆಂಡಿನ ವಿಶ್ವದಾಖಲೆ ಮಾಡಿದನು. ಅಲ್ಲಿ ವೇಗವನ್ನು ಹಿಡಿದುಕೊಡಲು ಜೊತೆಗಾರರಿದ್ದರು; ಕಣದ ಅಂಚಿನಲ್ಲಿ ದಾಖಲೆಯ ವೇಗಕ್ಕೆ ಸರಿಯಾಗಿ ಓಡುವ ದೀಪಗಳಿದ್ದವು. ಒಲಿಂಪಿಕ್ಸ್‌ನಲ್ಲಿ ಅಂತಹ ಜೊತೆಗಾರರೂ ಇಲ್ಲ, ದೀಪಗಳೂ ಇಲ್ಲ. ಕಾಲಿಗೆ ಮರುಪುಟಿತ ಕೊಡುವ ಹೊಸ ಬಗೆಯ ಪಾದರಕ್ಷೆಗಳೂ ಬಂದಿವೆ. ಕಿಟ್ಟದ ಕಣದಲ್ಲಿ, ತೆಳ್ಳನೆಯ ಅಟ್ಟೆಯ ಬೂಟಿನಲ್ಲಿ, ದೀಪದ ನೆರವಿಲ್ಲದೆ ಕ್ಲಾರ್ಕ್ ಓಡಿದ 27 ನಿಮಿಷ 39.4 ಸೆಕೆಂಡನ್ನು ಇಂದಿನ ಕಾಲದೊಡನೆ ಹೋಲಿಸಿ ಕೀಳುಗಳೆಯುವುದು ಸಲ್ಲದು. ಇಂದಿನವರ ಓಟವೆಲ್ಲ ಬೂಟಿನ ಮಹಿಮೆಯೆನ್ನುವುದೂ ಸಲ್ಲದು. ಬೂಟು ಎಲ್ಲರ ಕಾಲಲ್ಲೂ ಇದೆ, ಗೆಲ್ಲುವವನು ಒಬ್ಬನೇ.

ಹಾಗಾದರೆ ಮಹಾಕೂಟದಲ್ಲಿ ಒಬ್ಬ ಓಟಗಾರನನ್ನು ತೂಗುವುದು ಹೇಗೆ? ಕೇಳಬೇಕಾದ ಪ್ರಶ್ನೆಗಳು ಕೆಲವೇ. ಅವನೊಡನೆ ಓಡಿದವರು ಎಂತಹವರು? ನೆಲ, ಗಾಳಿ, ಬಿಸಿಲು, ಎತ್ತರ ಹೇಗಿದ್ದವು? ತನ್ನ ಹಿಂದಿನ ಓಟಗಳ ಮುಂದೆ ಈ ಓಟ ಎಲ್ಲಿ ನಿಲ್ಲುತ್ತದೆ? ತನಗಿದ್ದ ಬಲವನ್ನು ಅವನು ಬುದ್ಧಿಯಿಂದ ಬಳಸಿದನೆ? ಪದಕ ಮೊದಲನೆಯ ಪ್ರಶ್ನೆಗೆ ಉತ್ತರ. ಗಡಿಯಾರ ಮೂರನೆಯದಕ್ಕೆ ಉತ್ತರ. ಎರಡನೆಯದನ್ನೂ ನಾಲ್ಕನೆಯದನ್ನೂ ತಿಳಿಯಬೇಕಾದರೆ ಓಟವನ್ನು ಕಣ್ಣಿಟ್ಟು ನೋಡಿರಬೇಕು.

ಝಾಟೊಪೆಕನ ತೀರ್ಪು

ಕ್ಲಾರ್ಕನನ್ನು ಹಾಗೆ ಕಣ್ಣಿಟ್ಟು ನೋಡಿದವನೊಬ್ಬನಿದ್ದನು. ಚೆಕೊಸ್ಲೊವಾಕಿಯದ ಎಮಿಲ್ ಝಾಟೊಪೆಕ್. 1952ರ ಹೆಲ್ಸಿಂಕಿಯಲ್ಲಿ 5,000 ಮೀಟರ್, 10,000 ಮೀಟರ್, ಮ್ಯಾರಥಾನ್ ಮೂರನ್ನೂ ಒಂದೇ ಒಲಿಂಪಿಕ್ಸ್‌ನಲ್ಲಿ ಗೆದ್ದವನು. ಆ ಸಾಧನೆ ಅವನಿಗೆ ಹಿಂದೆಯೂ ಯಾರಿಂದಲೂ ಆಗಿರಲಿಲ್ಲ, ಮುಂದೆಯೂ ಆಗಿಲ್ಲ. ಪದಕದ ಬೆಲೆಯನ್ನು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು?

1966ರಲ್ಲಿ ಕ್ಲಾರ್ಕ್ ಪ್ರಾಗ್ ನಗರಕ್ಕೆ ಹೋಗಿದ್ದಾಗ ಝಾಟೊಪೆಕ್ ಅವನನ್ನು ಆದರಿಸಿ, ಹೊರಡುವ ಹೊತ್ತಿಗೆ ವಿಮಾನ ನಿಲ್ದಾಣದಲ್ಲಿ ಒಂದು ಪುಟ್ಟ ಪೊಟ್ಟಣವನ್ನು ಕೈಗಿತ್ತನು. ಗೆಳೆತನಕ್ಕಾಗಿ ಮಾತ್ರವಲ್ಲ, ನೀನು ಅರ್ಹನಾದುದರಿಂದ ಕೊಡುತ್ತಿರುವೆನೆಂದು ಹೇಳಿದನಂತೆ. ಆಗಿನ ಚೆಕೊಸ್ಲೊವಾಕಿಯದಿಂದ ಹೊರಗೆ ಸಾಗಿಸಬೇಕಾದ ಗುಟ್ಟಿನ ಕಾಗದವೋ ಏನೋ ಎಂದು ಕ್ಲಾರ್ಕ್ ಹೆದರಿ, ವಿಮಾನ ಮೇಲೇರುವವರೆಗೂ ಅದನ್ನು ಬಿಚ್ಚಲಿಲ್ಲ. ಬಿಚ್ಚಿ ನೋಡಿದರೆ ಒಳಗಿದ್ದುದು 1952ರ 10,000 ಮೀಟರಿನ ಸ್ವರ್ಣಪದಕ!

ಮೆಕ್ಸಿಕೋದ ಓಟ ಆಗಿನ್ನೂ ಎರಡು ವರ್ಷ ಮುಂದಿತ್ತು. ಆದರೂ ತನಗೆ ಬೇಕಾದ ತೀರ್ಪನ್ನು ಝಾಟೊಪೆಕ್ ಕೊಟ್ಟುಬಿಟ್ಟಿದ್ದನು. ಅದರಿಂದ ಮಿಲ್ಸನ ಸ್ವರ್ಣ ಮಸುಕಾಗಲಿಲ್ಲ. ತೆಮುವಿನ ಸ್ವರ್ಣವೂ ಕಡಿಮೆಯಾಗಲಿಲ್ಲ. ಒಲಿಂಪಿಕ್ಸ್‌ನ ದಾಖಲೆ ಪುಸ್ತಕದಲ್ಲಿ ಕ್ಲಾರ್ಕನ ಹೆಸರಿನ ಮುಂದೆ ಇಂದಿಗೂ ಇರುವುದು ಒಂದೇ ಒಂದು ಕಂಚು. 2015ರಲ್ಲಿ ಅವನು ತೀರಿಕೊಂಡಾಗ ಲೋಕ ಅವನನ್ನು ನೆನೆದುದು ಮಾತ್ರ ಆ ಕಂಚಿನಿಂದಲ್ಲ. 17 ದಾಖಲೆಗಳಿಂದ, ಮತ್ತು ಓಟವನ್ನು ಬಲ್ಲ ಮತ್ತೊಬ್ಬ ಓಟಗಾರನು ಅರ್ಹನೆಂದು ಕೈಯೆತ್ತಿ ಕೊಟ್ಟ ಆ ಒಂದು ಪದಕದಿಂದ. ತ್ಸುಬುರಾಯನಿಗೂ ಸಕಾಲದಲ್ಲಿ ಅಂತಹದೊಂದು ಮಾತನ್ನು ಹೇಳುವವರಿದ್ದು, ಅದನ್ನು ಅವನು ನಂಬುವಂತಿದ್ದಿದ್ದರೆ!